ಬ್ರಹ್ಮಗಿರಿಯ ಕಲ್ಲುಗೋರಿಗಳು ಮತ್ತು ಮೂಳೆ ಓದುವ ವಿದ್ಯೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನಲ್ಲಿರೋನು, ಮಕ್ಕಳಿಗೆ ಉಪಯೋಗ ಆಗೋ ಹಂಗೆ ಕಂಪ್ಯೂಟರ್ ಬಗ್ಗೆ ಬರಿಯಪ್ಪ" ಎಂದರು. ಹೂಂ ಎಂದೆ. ಆದರೆ ಕಂಪ್ಯೂಟರ್ ಬಗ್ಗೆ ತಿಳಿಯಲು ಮಕ್ಕಳ ಕೈಯಲ್ಲೇ ಮೊಬೈಲ್ ಇದೆ. ನಮ್ಮೂರ ನೆಲದೊಳಗೆ ಏನಿದೆ ಎಂಬುದನ್ನು ಹೇಳುವವರು ಕಡಿಮೆ. ಅದರಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಅದಕ್ಕೇ ವಿಷಯ ಬದಲಿಸಿ ಬರೆಯುತ್ತಿದ್ದೇನೆ. ಸಮಿತಿಯವರು ಕ್ಷಮಿಸಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಸಮಾಜ ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಹತ್ತಿರದ ಬೆಟ್ಟ ಅದು. ಅಶೋಕನ ಶಾಸನ ನೋಡಿದ್ದಾಯಿತು. ಅಕ್ಷರ ಒಂದೂ ಅರ್ಥವಾಗದಿದ್ದರೂ ಎಲ್ಲರೂ ನೋಟ್‌ಬುಕ್ಕಿನಲ್ಲಿ ಎರಡೆರಡು ಅಕ್ಷರ ಬರೆದುಕೊಂಡೆವು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅಲ್ಲೇ ಇದ್ದ ಒಂದು ಚಪ್ಪಡಿ ಕಲ್ಲಿನ ಮೇಲೆ ಹತ್ತಿ ಕೂತು ಚಿತ್ರಾನ್ನ ತಿನ್ನತೊಡಗಿದೆ. ಮೇಷ್ಟ್ರು ದೂರದಿಂದಲೇ ಕೂಗಿದರು: "ಇಳಿಯೋ ಕೆಳಗೆ. ಅದು ಯಾರದೋ ಸಮಾಧಿ." ತಟ್ಟೆ ಹಿಡಿದುಕೊಂಡೇ ಕೆಳಕ್ಕೆ ಹಾರಿದೆ. ಹುಡುಗರೆಲ್ಲ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

ಆ ನಗುವಿನಲ್ಲಿ ನಾನು ಪೂರ್ತಿ ಸೇರಲಿಲ್ಲ. ಕಾರಣ, ಹಿಂದಿನ ಬೇಸಿಗೆಯಲ್ಲಿ ನಾವು ನಾಲ್ವರು ಹುಡುಗರು ನಮ್ಮ ಹೊಲದ ಬದುವಿನ ಹತ್ತಿರ ಅಂಥದೇ ಕಲ್ಲುಗಳ ನಡುವೆ ಅಗೆದಿದ್ದೆವು. ನಿಧಿ ಸಿಗುತ್ತದೆಂಬ ಆಸೆ. ಸಿಕ್ಕಿದ್ದು ಒಂದು ಮಡಕೆ, ಒಳಗೆ ಕಪ್ಪು, ಹೊರಗೆ ಕೆಂಪು. ಅದರ ಪಕ್ಕದಲ್ಲಿ ಸುಣ್ಣದಂತೆ ಪುಡಿಯಾಗುವ ಬಿಳಿ ತುಣುಕುಗಳು. ಮಡಕೆಯನ್ನು ಕಲ್ಲಿಗೆ ಕುಟ್ಟಿ ಒಡೆದು ನೋಡಿದೆವು, ಬರೀ ಮಣ್ಣು. ಬಿಳಿ ತುಣುಕುಗಳನ್ನು ಹಳ್ಳಕ್ಕೆ ಎಸೆದು ಮನೆಗೆ ಬಂದೆವು. ಅವು ಏನೆಂದು ನಮಗೆ ಗೊತ್ತಿರಲಿಲ್ಲ ಎಂದು ಹೇಳಿಬಿಡಬಹುದು. ಆದರೆ ಒಬ್ಬನಾದರೂ "ಎಲುಬು ಕಣ್ರೋ" ಎಂದಿದ್ದ. ಎಸೆದದ್ದು ಆಮೇಲೆ.

ಅಂಥ ಕಲ್ಲುಮನೆಗಳನ್ನು ಕರ್ನಾಟಕದ ಹಲವು ಕಡೆ ಮೋರಿಯರ ಮನೆ ಎನ್ನುತ್ತಾರೆ, ಕೆಲವು ಕಡೆ ಪಾಂಡವರ ಮನೆ ಎನ್ನುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮೋರಿಯರು ಮೊಣಕಾಲುದ್ದದ ಕುಳ್ಳರು. ಬೆಂಕಿ ಮಳೆ ಬರುತ್ತದೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡರು, ಒಳಗೇ ಸತ್ತರು. ಚಿಕ್ಕ ಕಿಂಡಿ, ಒಳಗೆ ಮೂಳೆ, ಇವೆರಡನ್ನೂ ನೋಡಿದ ಜನ ಕಟ್ಟಿಕೊಂಡ ಕಥೆ ಅದು. ಕಣ್ಣಿಗೆ ಕಂಡದ್ದಕ್ಕೆಲ್ಲ ಅದರಲ್ಲಿ ಉತ್ತರ ಇದೆ, ಹಾಗಾಗಿ ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಈಗ ಇತಿಹಾಸಕ್ಕೆ ಬರುತ್ತೇನೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತುಗಳು ಅದರಲ್ಲಿವೆ. ಬರೆದ ಲಿಪಿಕಾರನ ಹೆಸರು ಚಪಡ. ಬರೆದವನು ತಾನೆಂಬುದನ್ನು ಹೇಳುವ ಕೊನೆಯ ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬೇರೆ ಊರಿಂದ ಕೆಲಸಕ್ಕೆ ಬಂದವನು ತನ್ನೂರಿನ ಲಿಪಿಯಲ್ಲೊಂದು ರುಜು ಹಾಕಿದ ಹಾಗೆ. ಬೆಂಗಳೂರಿನ ಆಫೀಸಿನಲ್ಲಿ ಕೂತು ನಾನು ಇದನ್ನು ಎಷ್ಟೋ ಸಲ ನೆನೆದಿದ್ದೇನೆ.

ಮೈಸೂರು ಸಂಸ್ಥಾನದ ಪುರಾತತ್ತ್ವ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು 1940ರ ಸುಮಾರಿಗೆ ಇಲ್ಲಿ ಅಗೆಸಿ, ಇಸಿಲದ ಕುರುಹುಗಳನ್ನು ಹುಡುಕಿದರು. ಆಮೇಲೆ 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಅದೇ ವರ್ಷ, ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಗೆ ಮತ್ತು ಚಿತ್ರದುರ್ಗದ ಚಂದ್ರವಳ್ಳಿಗೆ ಬಂದರು. ಅವರ ವರದಿ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ 4ನೇ ಸಂಚಿಕೆಯಲ್ಲಿದೆ. ದಕ್ಷಿಣ ಭಾರತದ ಪ್ರಾಗಿತಿಹಾಸ ಓದುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ನಮ್ಮ ತಾಲ್ಲೂಕಿನ ಹೆಸರನ್ನು ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಓದುವಂತೆ ಮಾಡಿದ್ದರಲ್ಲಿ ಮೊಳಕಾಲ್ಮುರು ಸೀರೆಗೆ ಎಷ್ಟು ಪಾಲಿದೆಯೋ ಗೊತ್ತಿಲ್ಲ, ಈ ಕಲ್ಲುಗೋರಿಗಳಿಗೆ ಮಾತ್ರ ದೊಡ್ಡ ಪಾಲಿದೆ.

ವೀಲರ್ ಮಣ್ಣನ್ನು ಪದರ ಪದರವಾಗಿ ಓದಿದರು. ಕೆಳಗೆ ನುಣುಪು ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿದ, ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಜನ, ಅದರ ಮೇಲೆ ಶಾತವಾಹನರ ಕಾಲದ ಜನ. ಮೊದಲು ಅರಿಕಮೇಡುವಿನಲ್ಲಿ ರೋಮ್‌ನ ಸರಕುಗಳ ಜೊತೆ ಸಿಕ್ಕಿದ್ದ ಮಡಕೆಗಳ ಗುರುತು ಹಿಡಿದು, ಚಂದ್ರವಳ್ಳಿಯ ರೋಮನ್ ನಾಣ್ಯಗಳ ಆಸರೆ ಪಡೆದು ಅವರು ಇಲ್ಲಿಗೆ ಕಾಲ ಕಟ್ಟಿದರು. ಕಲ್ಲುಗೋರಿಯವರು ಕ್ರಿ.ಪೂ. 200ರ ಸುಮಾರಿಗೆ, ಅಂದರೆ ಅಶೋಕನ ನಂತರ ಬಂದರು ಎಂಬುದು ಅವರ ಲೆಕ್ಕ. ಆಗ ಕಾರ್ಬನ್ ಕಾಲಮಾಪನ ಇನ್ನೂ ಬಳಕೆಗೆ ಬಂದಿರಲಿಲ್ಲ. 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರಾ ದಡದ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಹತ್ತಿರಕ್ಕೆ ಹೋಯಿತು. ಅಲ್ಲಿಗೆ ವೀಲರ್ ಲೆಕ್ಕ ತಲೆಕೆಳಗಾಯಿತು. ಅಶೋಕನ ಆಜ್ಞೆಯನ್ನು ಬಂಡೆಗೆ ಕೊರೆಯುವ ಎಷ್ಟೋ ಶತಮಾನ ಮೊದಲೇ ಈ ಸೀಮೆಯಲ್ಲಿ ಕಬ್ಬಿಣದ ಜನ ಇದ್ದರು ಎಂದಾಯಿತು. ಆಜ್ಞೆ ಬಂದದ್ದು ಖಾಲಿ ನೆಲಕ್ಕಲ್ಲ.

ಆ ಗೋರಿಗಳ ಕಟ್ಟೋಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕು ಕಡೆ ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ನೆಲದೊಳಗೆ ನಿಲ್ಲಿಸುತ್ತಿದ್ದರು. ಒಂದೊಂದು ಚಪ್ಪಡಿಯ ತುದಿಯೂ ಪಕ್ಕದ ಚಪ್ಪಡಿಯನ್ನು ದಾಟಿ ಚಾಚಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುತ್ತದೆ. ಅದು ಅಂದಕ್ಕೆ ಮಾಡಿದ್ದಲ್ಲ, ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದು ಕಲ್ಲು ಇನ್ನೊಂದನ್ನು ಹಿಡಿದುಕೊಂಡು ಒಳಕ್ಕೆ ಬೀಳದಂತೆ ಇರಲಿ ಎಂಬ ಜಾಣತನ. ನಾನು ಸಿವಿಲ್ ಓದಿದವನಲ್ಲ, ಆದರೂ ಇದನ್ನು ಕಂಡುಹಿಡಿದವರಿಗೆ ಒಂದು ಬಿ.ಇ. ಪದವಿ ಕೊಡಬಹುದು. ತಳಕ್ಕೊಂದು ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ. ಸುತ್ತ ಗುಂಡುಗಳ ವೃತ್ತ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ, ಒಬ್ಬ ಮನುಷ್ಯ ತಲೆ ಮತ್ತು ಭುಜ ತೂರಿಸುವಷ್ಟು. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಕುಡುಗೋಲು, ಚಾಕು, ಬಾಣದ ಮೊನೆ, ಭರ್ಜಿ. ಮಡಕೆಯನ್ನು ಬೋರಲು ಹಾಕಿ ಸುಟ್ಟದ್ದರಿಂದ ಒಳಗೆ ಗಾಳಿಯಾಡದೆ ಕಪ್ಪಾಗಿ, ಹೊರಗೆ ಗಾಳಿ ತಗುಲಿ ಕೆಂಪಾಯಿತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಾವು ಕುಟ್ಟಿ ಒಡೆದ ಮಡಕೆ ಇದೇ.

ಮುಖ್ಯವಾದದ್ದು ಮೂಳೆಗಳು. ಗೋರಿಯೊಳಗೆ ಇಡೀ ದೇಹ ಮಲಗಿಸಿರಲಿಲ್ಲ. ಬಿಡಿ ಬಿಡಿ ಮೂಳೆಗಳು ಇದ್ದವು, ಒಂದೇ ಗೋರಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರವು. ಸತ್ತವರನ್ನು ಮೊದಲು ಬೇರೆಡೆ ಬಯಲಿಗೆ ಬಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ತಂದು ಕಲ್ಲುಪೆಟ್ಟಿಗೆಯಲ್ಲಿ ಇಟ್ಟರು. ಬ್ರಹ್ಮಗಿರಿಯಲ್ಲೇ ಇರುವ ಇನ್ನೊಂದು ಬಗೆಯ ಕಲ್ಲುವೃತ್ತಗಳ ನಡುವಿನ ಕುಣಿಗಳಲ್ಲೇ ಹೀಗೆ ಶವಗಳನ್ನು ಇಡುತ್ತಿದ್ದಿರಬೇಕು ಎಂದು ವೀಲರ್ ಊಹಿಸಿದರು. ಎರಡನೇ ಸಲ ಮಣ್ಣು ಮಾಡುವುದು ಎಂದರೆ ಸುಲಭದ ಕೆಲಸವಲ್ಲ. ತಿಂಗಳುಗಟ್ಟಲೆ ಕಾಯಬೇಕು, ಯಾರ ಮೂಳೆ ಯಾವುದೆಂದು ನೆನಪಿಡಬೇಕು, ಕೈಯಿಂದ ಆಯಬೇಕು. ನಾವು ಮೂರನೇ ದಿನ ಹಾಲುತುಪ್ಪ ಬಿಟ್ಟು ಬರುವುದೇ ಹೆಚ್ಚು ಎಂದುಕೊಂಡಿದ್ದೇವೆ.

ಎಲ್ಲರಿಗೂ ಒಂದೇ ಮರ್ಯಾದೆ ಇತ್ತೇ? ಇರಲಿಲ್ಲ. ಬ್ರಹ್ಮಗಿರಿಯ ಒಂದು ಸಮಾಧಿಯಲ್ಲಿ 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ ಮತ್ತು ಒಂದು ಶಂಖ ಸಿಕ್ಕಿವೆ. ಬೇರೆಯವರಿಗೆ ನಾಲ್ಕಾರು ಮಡಕೆಗಳೇ ಗತಿ. ಈ ಲೆಕ್ಕ ಎನ್‌ಸಿಇಆರ್‌ಟಿ ಆರನೇ ತರಗತಿಯ ಇತಿಹಾಸ ಪುಸ್ತಕದಲ್ಲೇ ಅಚ್ಚಾಗಿತ್ತು. ದೆಹಲಿಯ ಮಕ್ಕಳು ಬ್ರಹ್ಮಗಿರಿಯ ಮಣಿ ಎಣಿಸಿ ಪರೀಕ್ಷೆಯಲ್ಲಿ ಬರೆದರು. ಬೆಟ್ಟದ ಬುಡದಲ್ಲೇ ಓದಿದ ನಮಗೆ ಆ ಪಾಠ ಇರಲಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ವೀಲರ್ ವರದಿಯನ್ನು ಮೊದಲ ಸಲ ಪೂರ್ತಿ ಓದಿದೆ. ಸಂಜೆ ಅಜ್ಜಿಯ ಮುಂದೆ ಕೂತು ಅದರ ಸಾರ ಹೇಳುತ್ತಿದ್ದೆ. ಕಲ್ಲುಕೊಡಲಿಯ ಕಾಲದ ಜನ ಸತ್ತ ಹಸುಗೂಸುಗಳನ್ನು ಕಾಲು ಮಡಿಸಿ ಮಡಕೆಯಲ್ಲಿ ಇಟ್ಟು ಹೂಳುತ್ತಿದ್ದರು, ಅದೂ ಊರಾಚೆ ಅಲ್ಲ, ವಾಸದ ಜಾಗದಲ್ಲೇ ಎಂದೆ. ಮಹಾರಾಷ್ಟ್ರದ ಇನಾಮಗಾಂವ್‌ನಲ್ಲಂತೂ ಎರಡು ಮಡಕೆಗಳ ಬಾಯಿಗೆ ಬಾಯಿ ಕೂಡಿಸಿ, ಮನೆಯ ನೆಲದ ಕೆಳಗೇ ಮಕ್ಕಳನ್ನು ಇಟ್ಟಿದ್ದಾರೆ ಎಂದೆ. ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿತ್ತಲ ಕಡೆ ಕೈ ತೋರಿಸಿ, "ನಂದೂ ಒಂದೈತೆ ಅಲ್ಲಿ. ನಿಮ್ಮಪ್ಪನಿಗಿಂತ ಮುಂಚೇದು. ಹನ್ನೊಂದು ದಿನ ಇತ್ತು. ಅಷ್ಟು ಚಿಕ್ಕದನ್ನ ಒಂದನ್ನೇ ಊರಾಚೆ ಬಿಟ್ಟು ಬರಾಕೆ ಮನಸಾಗಲಿಲ್ಲ" ಎಂದಳು. ನಮ್ಮಪ್ಪನಿಗೂ ಈ ವಿಷಯ ಗೊತ್ತಿರಲಿಲ್ಲ. ವಿದ್ವಾಂಸರು ಇಂಥ ಸಮಾಧಿಗಳಿಗೆ ಹಲವು ಅರ್ಥ ಹೇಳುತ್ತಾರೆ. ಮರುಹುಟ್ಟಿನ ನಂಬಿಕೆ ಇರಬಹುದು, ಮಡಕೆ ಗರ್ಭದ ಸಂಕೇತ ಇರಬಹುದು. ಅಜ್ಜಿಯ ಮಾತನ್ನೂ ಆ ಪಟ್ಟಿಗೆ ಸೇರಿಸಬಹುದೆಂದು ನನಗನ್ನಿಸುತ್ತದೆ. ಮೂರು ಸಾವಿರ ವರ್ಷ ಹಿಂದಿನವರ ಮನಸ್ಸು ಇದೇ ಎಂದು ಸಾಧಿಸಲು ಬರುವುದಿಲ್ಲ, ಅಷ್ಟೇ.

ಆ ದಿನಗಳಲ್ಲಿ ನಮ್ಮ ಮಾತು ಕೇಳುತ್ತ ಕೂತಿರುತ್ತಿದ್ದವಳು ನಮ್ಮ ಚಿಕ್ಕಪ್ಪನ ಮಗಳು. ಅವಳೂ ಇದೇ ಶಾಲೆಯವಳು, ಆಗ ಚಳ್ಳಕೆರೆಯಲ್ಲಿ ಬಿ.ಎ. ಓದುತ್ತಿದ್ದಳು. ಪದವಿ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿ, "ಅಣ್ಣ, ಎಂ.ಎ. ಆರ್ಕಿಯಾಲಜಿ ಮಾಡ್ತೀನಿ, ಮೂಳೆ ಓದೋದು ಕಲೀಬೇಕು" ಎಂದಳು. ನಾನು ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. "ಅದೆಲ್ಲ ಹವ್ಯಾಸಕ್ಕೆ ಸರಿ, ಬಿ.ಇಡಿ. ಮಾಡು" ಎಂದೆ. ಮನೆಯಲ್ಲಂತೂ ಗದ್ದಲ. "ಸತ್ತೋರ ಎಲುಬು ಎಣಿಸಾಕೆ ಎರಡು ವರ್ಷ ಓದಬೇಕಾ? ಹೆಣ್ಣು ಕೇಳಾಕೆ ಬಂದೋರಿಗೆ ಏನಂತ ಹೇಳಾನ?" ಎಂದು ಚಿಕ್ಕಮ್ಮ ಅತ್ತರು. ಪುಸ್ತಕ ಓದಿ ಅಜ್ಜಿಗೆ ಕಥೆ ಹೇಳಿದವನು ನಾನು. ಅದನ್ನು ನಿಜವೆಂದು ನಂಬಿ ಹೊರಟವಳನ್ನು ತಡೆದವನೂ ನಾನೇ.

ಅವಳು ಬಿಡಲಿಲ್ಲ. ಬೆಂಗಳೂರಿಗೇ ಬಂದು ನನ್ನನ್ನು ಕೂರಿಸಿ ಪಾಠ ಹೇಳಿದಳು. ಅವಳಿಂದ ಕಲಿತದ್ದನ್ನೇ ಇಲ್ಲಿ ಸ್ವಲ್ಪ ಬರೆಯುತ್ತೇನೆ, ಮುಂದೆ ಓದಬಯಸುವ ನಮ್ಮ ಶಾಲೆಯ ಮಕ್ಕಳಿಗೆ ಬೇಕಾಗಬಹುದು.

ದೊಡ್ಡವರ ದೇಹದಲ್ಲಿ 206 ಮೂಳೆಗಳು. ಪ್ರತಿಯೊಂದನ್ನೂ ಚೂರಾಗಿದ್ದರೂ ಗುರುತಿಸಬೇಕು, ಎಡವೋ ಬಲವೋ ಹೇಳಬೇಕು. ಕಲ್ಲುಗೋರಿಯ ಕಲಸುಮೇಲೋಗರದಲ್ಲಿ ಎಷ್ಟು ಜನ ಇದ್ದರೆಂದು ತಿಳಿಯುವುದು ಹೇಗೆ? ಎಡ ತೊಡೆಯ ಮೂಳೆ ಮೂರು ಸಿಕ್ಕಿದರೆ ಕನಿಷ್ಠ ಮೂವರು, ಏಕೆಂದರೆ ಯಾರಿಗೂ ಎರಡು ಎಡ ತೊಡೆ ಇರುವುದಿಲ್ಲ. ಡೇಟಾಬೇಸಿನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ನಾವು ಮಾಡುವ ಲೆಕ್ಕವೂ ಇಂಥದ್ದೇ, ಅಲ್ಲಿ ನನಗೆ ತಟ್ಟನೆ ಹೊಳೆಯಿತು. ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ ಹೇಳುತ್ತಾರೆ. ಮಕ್ಕಳ ಮೂಳೆಯಲ್ಲಿ ಅದನ್ನು ಹೇಳುವುದು ಕಷ್ಟ, ಆದರೆ ಮಕ್ಕಳ ವಯಸ್ಸನ್ನು ಹಲ್ಲು ಹುಟ್ಟಿದ ಕ್ರಮದಿಂದ ತುಂಬ ಹತ್ತಿರಕ್ಕೆ ಹೇಳಬಹುದು. ಎಳವೆಯಲ್ಲಿ ಬರಗಾಲವೋ ದೊಡ್ಡ ಕಾಯಿಲೆಯೋ ಬಂದಿದ್ದರೆ ಹಲ್ಲಿನ ಮೇಲೆ ಅಡ್ಡಗೆರೆ ಉಳಿಯುತ್ತದೆ, ಸಾಯುವವರೆಗೂ ಹೋಗುವುದಿಲ್ಲ, ಸತ್ತ ಮೇಲೂ ಹೋಗುವುದಿಲ್ಲ. ಚಳ್ಳಕೆರೆ ಸೀಮೆಯವರಿಗೆ ಬರ ಅಂದರೆ ಏನೆಂದು ವಿವರಿಸಬೇಕಿಲ್ಲ. ಅದರ ಗುರುತು ನಮ್ಮ ಬಾಯಲ್ಲೇ ಬರೆದಿರಬಹುದು ಎಂಬುದು ನನಗೆ ಹೊಸದಾಗಿತ್ತು.

ತಿಂದ ಊಟವೂ ಮೂಳೆಯಲ್ಲಿ ಉಳಿಯುತ್ತದೆ. ರಾಗಿ, ಸಜ್ಜೆ, ನವಣೆ, ಕೊರಲೆಗಳು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಬೇರೆ, ಭತ್ತ, ಬೇಳೆಕಾಳುಗಳ ರೀತಿ ಬೇರೆ. ಆ ವ್ಯತ್ಯಾಸವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಬಳ್ಳಾರಿ ಸುತ್ತಿನ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟ ಕೊರಲೆ, ಹುರುಳಿ, ಹೆಸರುಕಾಳು ಸಿಕ್ಕಿವೆ. ನಮ್ಮ ಕಡೆ ಇವತ್ತಿಗೂ ಬೆಳೆಯುವ ಬೆಳೆಗಳೇ ಅವು. ಹುಟ್ಟಿದ್ದು ಎಲ್ಲಿ, ಸತ್ತದ್ದು ಎಲ್ಲಿ ಎಂಬುದನ್ನೂ ಹಲ್ಲಿನ ಕವಚದಿಂದ ಊಹಿಸಬಹುದು. ಡಿಎನ್‌ಎ ಮಾತ್ರ ನಮ್ಮ ಬಿಸಿಲಿನಲ್ಲಿ ಬೇಗ ಹಾಳಾಗುತ್ತದೆ. ಹರಿಯಾಣದ ರಾಖಿಗಢಿಯಲ್ಲಿ 61 ಮಾದರಿಗಳನ್ನು ಪರೀಕ್ಷಿಸಿದರೂ ಒಂದೇ ಒಂದರಲ್ಲಿ ಓದುವಷ್ಟು ಡಿಎನ್‌ಎ ಸಿಕ್ಕಿತು, 2019ರಲ್ಲಿ ಅದು ಪ್ರಕಟವಾಯಿತು.

ಬ್ರಹ್ಮಗಿರಿಯ ಮೂಳೆಗಳನ್ನು ಯಾರೂ ಓದಿಲ್ಲವೇ ಎಂದು ಕೇಳಿದೆ. ಮಾನವಶಾಸ್ತ್ರಜ್ಞ ಎಸ್.ಎಸ್. ಸರ್ಕಾರ್ 1960ರಲ್ಲಿ ಪ್ರಕಟಿಸಿದ್ದಾರೆ, ಅಗೆದು ಹದಿಮೂರು ವರ್ಷ ಆದ ಮೇಲೆ. ಆ ಕಾಲದ ವಿದ್ವಾಂಸರಿಗೆ ಹೆಚ್ಚಾಗಿ ಬೇಕಿದ್ದದ್ದು ತಲೆಬುರುಡೆಯ ಅಳತೆ. ಉದ್ದ ಎಷ್ಟು, ಅಗಲ ಎಷ್ಟು, ಇವರು ಯಾವ 'ಜನಾಂಗ', ಎಲ್ಲಿಂದ ಬಂದರು ಎಂಬ ಪ್ರಶ್ನೆ. ಬುರುಡೆ ಅಳೆದು ಜನಾಂಗ ಹೇಳುವ ಆ ಪದ್ಧತಿಯನ್ನು ವಿಜ್ಞಾನ ಈಗ ಕೈಬಿಟ್ಟಿದೆ. ಎಷ್ಟು ದುಡಿದರು, ಏನು ಕಾಯಿಲೆ, ಹೆರಿಗೆಯ ವಯಸ್ಸಿನಲ್ಲಿ ಎಷ್ಟು ಹೆಂಗಸರು ಸತ್ತರು, ಇವು ಈಗಿನ ಪ್ರಶ್ನೆಗಳು. ಇನಾಮಗಾಂವ್‌ನ ಮಕ್ಕಳ ಹಲ್ಲು, ಮೂಳೆಗಳನ್ನು ಪುಣೆಯ ಡೆಕ್ಕನ್ ಕಾಲೇಜಿನ ಎಸ್.ಆರ್. ವಾಲಿಂಬೆ ಮತ್ತು ಅಮೆರಿಕದ ಜಾನ್ ಲೂಕಾಕ್ಸ್ ಹೀಗೆ ಓದಿದರು. ನಮ್ಮ ಗೋರಿಗಳ ಮಡಕೆಗಳ ಬಗ್ಗೆ ಪುಟಗಟ್ಟಲೆ ಬರಹವಿದೆ, ಮನುಷ್ಯರ ಬಗ್ಗೆ ಕೆಲವೇ ಪುಟ. "ಮಡಕೆ ಇಟ್ಟಿದ್ದೇ ಅವರಿಗೋಸ್ಕರ ಅಲ್ವಾ ಅಣ್ಣ?" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಓದಲು ದಾರಿಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ಕಲಿಯಬಹುದು. ದಕ್ಷಿಣ ಭಾರತದ ಕಲ್ಲುಕೋಣೆ ಸಮಾಧಿಗಳ ಮೇಲೆ ಗ್ರಂಥ ಬರೆದ ಡಾ. ಅ. ಸುಂದರ ಅವರು ಧಾರವಾಡದವರೇ. ಮೂಳೆಯನ್ನೇ ಮುಖ್ಯವಾಗಿ ಹಿಡಿಯುವವರಿಗೆ ಡೆಕ್ಕನ್ ಕಾಲೇಜು ಹೆಸರಾಗಿದೆ. ಹೊರದೇಶಕ್ಕೆ ಹೋಗಬಲ್ಲವರಿಗೆ ಬ್ರಿಟನ್ನಿನ ಯಾರ್ಕ್, ಡರ್ಹಮ್ ಇವೆ. ನೌಕರಿ? ಸುಲಭವಿಲ್ಲ, ಅದನ್ನು ಮುಚ್ಚಿಟ್ಟು ಯಾರನ್ನೂ ಕಳುಹಿಸಬಾರದು. ಸರ್ಕಾರಿ ಹುದ್ದೆಗಳು ಕಡಿಮೆ, ಕಾಯಬೇಕು.

ಇನ್ನೊಂದು ಮಾತು ಊರಿನವರಿಗೆ. ನೆಲದೊಳಗೆ ಹುದುಗಿದ್ದ ಹಳೆಯ ಬೆಲೆಬಾಳುವ ವಸ್ತು ಹತ್ತು ರೂಪಾಯಿಗಿಂತ ಹೆಚ್ಚಿನದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾನೂನು ಹೇಳುತ್ತದೆ. ಮೂಳೆಗೆ ಯಾರೂ ಹತ್ತು ರೂಪಾಯಿ ಕೊಡುವುದಿಲ್ಲ, ಹಾಗಾಗಿ ಅದನ್ನು ಹಳ್ಳಕ್ಕೆ ಎಸೆಯುತ್ತೇವೆ. ನಿಧಿಗಳ್ಳರು ರಾತ್ರಿ ಬಂದು ಕೆಡಿಸಿದ್ದನ್ನು ಬೈಯುವ ನಾವೇ ಹಗಲಲ್ಲಿ ಜೆಸಿಬಿ ತರಿಸಿ ಹೊಲ ಹಸನು ಮಾಡುವಾಗ ವೃತ್ತದ ಗುಂಡುಗಳನ್ನು ಬದುವಿಗೆ ನೂಕುತ್ತೇವೆ. ಹೊಲ ಉಳುವವನ ಕಷ್ಟ ನನಗೂ ಗೊತ್ತು. ಕಲ್ಲಿನ ನಡುವೆ ಶೇಂಗಾ ಬಿತ್ತಲಾಗುವುದಿಲ್ಲ. ಆದರೆ ಒಂದು ಸಲ ಕದಲಿಸಿದ ಮೂಳೆ ಯಾವ ಪದರದ್ದು, ಯಾರ ಪಕ್ಕ ಇತ್ತು ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಮತ್ತೆ ಹೇಳಲಾರದು. ಕದಲಿಸುವ ಮೊದಲು ಒಂದು ಫೋಟೋ, ಪುರಾತತ್ತ್ವ ಇಲಾಖೆಗೆ ಒಂದು ಅರ್ಜಿ. ಇಷ್ಟಾದರೂ ಆಗಬಹುದು.

ಅವಳು ಪುಣೆಗೆ ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ಬಟ್ಟೆ ಒಗೆಯಲು ಹೋದವಳು ಗಕ್ಕನೆ ನಿಂತು ನನ್ನನ್ನು ಕೂಗಿದಳು. ನಮ್ಮ ಬಚ್ಚಲ ಹಿಂದಿನ ಒಗೆಯುವ ಕಲ್ಲನ್ನು ಮುತ್ತಾತ ಹೊಲದಿಂದ ಎತ್ತಿನ ಗಾಡಿಯಲ್ಲಿ ತಂದದ್ದಂತೆ. ಅದರ ಒಂದು ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ. ಕೊಡ ಒರಗಿಸಿಡಲು ಕೊರೆದದ್ದೆಂದು ನಾವೆಲ್ಲ ತಿಳಿದಿದ್ದೆವು. ಅವಳು ಟೇಪು ಹಿಡಿದು ಅಳೆದಳು, ವೃತ್ತ ಪೂರ್ತಿಯಾದರೆ ಎಷ್ಟಾಗುತ್ತದೆಂದು ನೆಲದ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದಳು. ತಲೆ ಮತ್ತು ಭುಜ ತೂರುವಷ್ಟು. ಮುರಿದ ಕಿಂಡಿಯ ಅರ್ಧ ಅದು. ಮೂರು ತಲೆಮಾರು ಅದರ ಮೇಲೆ ಬಟ್ಟೆ ಒಗೆದಿದ್ದೇವೆ, ಅಜ್ಜಿಯ ಹನ್ನೊಂದು ದಿನದ ಕೂಸಿನ ಬಟ್ಟೆಯನ್ನೂ.

ಹೊಲದಲ್ಲಿ ಆ ಗೋರಿ ಇದ್ದ ಜಾಗ ಯಾವುದೆಂದು ಅಪ್ಪನಿಗೆ ನೆನಪಿಲ್ಲ. ನಾವು ಹುಡುಗರು ಅಗೆದ ಜಾಗ ಮಾತ್ರ ನನಗೆ ನೆನಪಿದೆ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮಡಕೆಯ ಎರಡು ಚೂರು ಇನ್ನೂ ಬದುವಿನಲ್ಲಿದ್ದವು. ಮುಟ್ಟದೆ ಫೋಟೋ ತೆಗೆದುಕೊಂಡಳು, ಪಕ್ಕದಲ್ಲಿ ಅಳತೆಗೆಂದು ನನ್ನ ಪೆನ್ನು ಇಟ್ಟು. ಸರ್ವೆ ನಂಬರ್ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬಿಳಿ ತುಣುಕುಗಳು ಏನಾದವು ಎಂದು ಕೇಳಿದಳು. ಹಳ್ಳದ ಕಡೆ ತೋರಿಸಿದೆ. ಅದನ್ನೂ ಬರೆದುಕೊಂಡಳು.